ಆಳಾಗುವುದು ಮೆಟ್ಟಿಲಲ್ಲ

(ಕ್ರೈಸ್ತ ಸಭೆಯ ಸ್ವಯಂಸೇವಕರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

'ಆಳಾಗಬಲ್ಲವನು ಅರಸಾಗಬಲ್ಲ' ಎಂಬ ಗಾದೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ದುಡಿಯಲು ನಾಚದವನಿಗೆ ಮುಂದೊಂದು ದಿನ ದೊಡ್ಡ ಸ್ಥಾನ ಸಿಗುತ್ತದೆ ಎಂದು ಹಿರಿಯರು ಇದನ್ನು ಹೇಳಿಯೇ ನಮ್ಮನ್ನು ಕೆಲಸಕ್ಕೆ ಹಚ್ಚುತ್ತಿದ್ದರು. ಒಳ್ಳೆಯ ಗಾದೆ. ಆದರೂ ಇಂದು ನಾನು ಅದರೊಡನೆ ಜಗಳವಾಡಬೇಕಾಗಿದೆ. ಸಭೆಯ ಸೇವೆಗೆ ಬಂದ ನಮ್ಮಲ್ಲಿ ಅನೇಕರು ಈ ಗಾದೆಯನ್ನೇ ಕ್ರಿಸ್ತನ ಬೋಧನೆ ಎಂದು ನಂಬಿ ವರ್ಷಗಟ್ಟಲೆ ದುಡಿದಿದ್ದೇವೆ. ಮೊದಲು ಕುರ್ಚಿ ಜೋಡಿಸುವುದು, ಆಮೇಲೆ ಭಾನುವಾರ ಶಾಲೆಯಲ್ಲಿ ಪಾಠ, ಅದಾದ ಮೇಲೆ ಸಮಿತಿ, ಕೊನೆಗೆ ವೇದಿಕೆ. ಆಳುತನ ಮೊದಲ ಮೆಟ್ಟಿಲು. ಹತ್ತಿದ ಮೇಲೆ ಅದನ್ನು ಹಿಂತಿರುಗಿ ನೋಡಬೇಕಾಗಿಲ್ಲ. ಈ ಲೆಕ್ಕ ನನ್ನ ತಲೆಯಲ್ಲೂ ಬಹಳ ಕಾಲ ಇತ್ತು. ಅದು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಸ್ವಲ್ಪ ಹೊತ್ತಿನಲ್ಲೇ ಹೇಳುತ್ತೇನೆ.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ನಿಮಗೆ ಗೊತ್ತು. ಯೇಸು ಯೆರೂಸಲೇಮಿನ ದಾರಿಯಲ್ಲಿದ್ದಾನೆ. ಅಲ್ಲಿ ತನ್ನನ್ನು ಹಿಡಿದುಕೊಡುತ್ತಾರೆ, ಉಗುಳುತ್ತಾರೆ, ಕೊಲ್ಲುತ್ತಾರೆ ಎಂದು ಮೂರನೆಯ ಬಾರಿ ಶಿಷ್ಯರಿಗೆ ಹೇಳಿದ್ದಾನೆ. ಆ ಮಾತು ಮುಗಿಯುವುದೇ ತಡ, ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನ ಹತ್ತಿರ ಬಂದು, ನಿನ್ನ ಮಹಿಮೆಯಲ್ಲಿ ಒಬ್ಬನು ಬಲಗಡೆ, ಇನ್ನೊಬ್ಬನು ಎಡಗಡೆ ಕೂರುವಂತೆ ಮಾಡು ಎಂದು ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಗಮನಿಸಿ. ಗುರು ಸಾವಿನ ಮಾತಾಡುವಾಗ ಇವರು ಕುರ್ಚಿಯ ಮಾತಾಡಿದರಲ್ಲ ಎಂಬ ನೋವು ಅದಾಗಿದ್ದರೆ ಚೆನ್ನಾಗಿತ್ತು. ಆದರೆ ಯೇಸು ಹನ್ನೆರಡೂ ಮಂದಿಯನ್ನು ಕರೆದು ಒಂದೇ ಪಾಠ ಹೇಳುತ್ತಾನೆ. ಕಾಯಿಲೆ ಇಬ್ಬರದಷ್ಟೇ ಆಗಿರಲಿಲ್ಲ.

ಆಗ ಅವನು ಎರಡು ಪದಗಳನ್ನು ಬಳಸುತ್ತಾನೆ. ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ; ಮೊದಲನೆಯವನಾಗಬೇಕೆಂದಿರುವವನು ಎಲ್ಲರ ಆಳಾಗಲಿ. ಸುವಾರ್ತೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಮೊದಲನೆಯದು ದಿಯಾಕೊನೊಸ್, ಎರಡನೆಯದು ದೂಲೊಸ್. ಸೇವಕ ಎಂದರೆ ನಮಗೇನೂ ಕಷ್ಟವಿಲ್ಲ. ಸೇವೆ ಎಂಬುದು ಗೌರವದ ಮಾತು, ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗುತ್ತದೆ. ಚಾಕರಿ ಎಂದು ಹೇಳಿ ನೋಡಿ, ಮುಖ ಸ್ವಲ್ಪ ಬಾಡುತ್ತದೆ. ದೂಲೊಸ್ ಎಂದರೆ ಅದಕ್ಕಿಂತ ಕೆಳಗಿನದು, ಒಡೆಯನ ಸೊತ್ತಾಗಿದ್ದ ಗುಲಾಮ. ಯೇಸು ಮೊದಲು ಗೌರವದ ಮಾತನ್ನಾಡಿ ಅಲ್ಲಿಗೆ ನಿಲ್ಲಿಸಲಿಲ್ಲ, ಮುಖ ಬಾಡುವ ಮಾತಿಗೆ ಇಳಿದ.

ಕನ್ನಡದ 'ಆಳು' ಎಂಬ ಪದವನ್ನು ನಾನು ಎಷ್ಟೋ ಬಾರಿ ನಾಲಗೆಯ ಮೇಲೆ ತಿರುಗಿಸಿ ನೋಡಿದ್ದೇನೆ. ಹೆಸರಾಗಿ ಬಂದರೆ ದುಡಿಯುವವನು, ಕ್ರಿಯೆಯಾಗಿ ಬಂದರೆ ಅಧಿಕಾರ ನಡೆಸುವುದು. ಆಳೂ ಅದೇ, ಆಳುವುದೂ ಅದೇ. ಗಾದೆ ಇವೆರಡರ ನಡುವೆ ಕಾಲವನ್ನು ಇಡುತ್ತದೆ: ಇಂದು ಆಳು, ನಾಳೆ ಅರಸು. ಯೇಸು ಆ ಕಾಲವನ್ನು ತೆಗೆದುಹಾಕುತ್ತಾನೆ. ಮೊದಲನೆಯವನಾದ ಮೇಲೂ ಅವನು ಆಳೇ. ಮೇಲೆ ಹತ್ತಿ ಮುಗಿಯುವ ಕೆಲಸ ಇದಲ್ಲ. ಮನುಷ್ಯಕುಮಾರನೇ, ಎಂದರೆ ಯೇಸುವೇ, ಸೇವೆ ಮಾಡಿಸಿಕೊಳ್ಳಲು ಬರದೆ ಸೇವೆ ಮಾಡಲು ಬಂದನೆಂದ ಮೇಲೆ, ಅವನ ಹಿಂದೆ ನಡೆಯುವವರು ಯಾವ ಮೆಟ್ಟಿಲು ಹತ್ತಿ ಎಲ್ಲಿಗೆ ಹೋಗಬೇಕು?

ಈಗ ಯೋಹಾನನ ಸುವಾರ್ತೆಯ 13ನೇ ಅಧ್ಯಾಯಕ್ಕೆ ಬರೋಣ. ಇಲ್ಲಿ ನಾನು ನಿಧಾನವಾಗಿ ಹೋಗಲು ಬಯಸುತ್ತೇನೆ. ಪಾದ ತೊಳೆದ ಪ್ರಸಂಗವನ್ನು ನಾವು ಪ್ರತಿವರ್ಷ ಶುಭ ಶುಕ್ರವಾರದ ಹಿಂದಿನ ಸಂಜೆ ಕೇಳುತ್ತೇವೆ. ಕೇಳಿ ಕೇಳಿ ಅದು ಸವೆದಿದೆ. ಆದರೆ ಪಾದದ ಮಾತಿಗೆ ಮುಂಚೆ ಯೋಹಾನನು ಒಂದು ವಾಕ್ಯ ಬರೆದಿದ್ದಾನೆ, ಅದನ್ನು ನಾವು ದಾಟಿಬಿಡುತ್ತೇವೆ. ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದೂ, ತಾನು ದೇವರ ಬಳಿಯಿಂದ ಬಂದವನೆಂದೂ, ದೇವರ ಬಳಿಗೇ ಹೋಗುವವನೆಂದೂ ಯೇಸು ತಿಳಿದಿದ್ದ. ತಿಳಿದು, ಊಟದಿಂದ ಎದ್ದ. ಮೇಲುಡುಗೆಯನ್ನು ತೆಗೆದಿಟ್ಟ. ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡ. ಬೋಗುಣಿಗೆ ನೀರು ಹೊಯ್ದ.

ನೋಡಿ, ಒಂದೊಂದು ಚಲನೆಯನ್ನೂ ಸುವಾರ್ತಿಕ ಬಿಡದೆ ಬರೆದಿದ್ದಾನೆ. ಎಲ್ಲವನ್ನೂ ಹಿಡಿದಿರುವ ಕೈ ಈಗ ಹಿಡಿದಿರುವುದು ಟವೆಲನ್ನು. ತಾನು ಯಾರೆಂದು ಗೊತ್ತಿದ್ದುದರಿಂದಲೇ ಅವನಿಗೆ ಬಗ್ಗಲು ಸಾಧ್ಯವಾಯಿತು. ನಾವು ಬಹುಪಾಲು ತಲೆಕೆಳಗು ಮಾಡುತ್ತೇವೆ. ಯಾರೋ ಆಗುವುದಕ್ಕಾಗಿ ಸೇವೆ ಮಾಡುತ್ತೇವೆ. ಸಭೆ ನಮ್ಮನ್ನು ಗುರುತಿಸಿದರೆ ನಾವಿದ್ದೇವೆ, ಇಲ್ಲದಿದ್ದರೆ ಇಲ್ಲ. ಬದುಕಿನ ಉದ್ದೇಶವನ್ನು ಹುಡುಕಿಕೊಂಡು ಸೇವೆಗೆ ಬರುವ ಯುವಕ ಯುವತಿಯರಿಗೆ ನಾನು ಮೊದಲು ತೋರಿಸುವುದು ಈ ವಾಕ್ಯವನ್ನು. ನೀವು ಯಾರು, ಯಾರವರು ಎಂಬುದು ನಿಮ್ಮ ದುಡಿಮೆಯಿಂದ ತೀರ್ಮಾನವಾಗುವುದಿಲ್ಲ. ಅದು ಕೃಪೆಯಿಂದ ಆಗಲೇ ಸಿಕ್ಕಿದೆ. ಈ ಭರವಸೆಯಿಲ್ಲದೆ ಬಗ್ಗಿದವರ ಸೊಂಟ ನೋಯುತ್ತದೆ, ಮನಸ್ಸು ಕಹಿಯಾಗುತ್ತದೆ.

ಇನ್ನೂ ಎರಡು ವಿಷಯ ಅಲ್ಲಿವೆ. ಆ ಹೊತ್ತಿನಲ್ಲಿ, ಯೇಸುವನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನು ಕೋಣೆಯಿಂದ ಹೊರಗೆ ಹೋಗಿರಲಿಲ್ಲ. ಅವನು ಎದ್ದು ಹೋಗುವುದು ಅದೇ ಅಧ್ಯಾಯದಲ್ಲಿ, ಪಾದ ತೊಳೆದಾದ ಮೇಲೆ. ಎಂದರೆ ಬೋಗುಣಿಯ ನೀರು ಆ ಪಾದಗಳನ್ನೂ ಮುಟ್ಟಿತು. ಯಾರ ಮೇಲೆ ನಮಗೆ ಮನಸ್ಸಿಲ್ಲವೋ ಅವರ ಹೆಸರೂ ಸೇವೆಯ ಪಟ್ಟಿಯಲ್ಲಿ ಇರುತ್ತದೆ. ಎರಡನೆಯದು ಇನ್ನೊಬ್ಬ ಶಿಷ್ಯ ಪೇತ್ರನ ನಿರಾಕರಣೆ. ನೀನು ನನ್ನ ಪಾದಗಳನ್ನು ಎಂದಿಗೂ ತೊಳೆಯಬಾರದು ಎಂದು ಅವನು ಹಟ ಹಿಡಿಯುತ್ತಾನೆ. ಅದು ವಿನಯದಂತೆ ಕಾಣುತ್ತದೆ. ಆದರೆ ತೊಳೆಸಿಕೊಳ್ಳುವುದು ತೊಳೆಯುವುದಕ್ಕಿಂತ ಕಷ್ಟ. ತೊಳೆಯುವವನ ಕೈಯಲ್ಲಿ ಹತೋಟಿ ಇರುತ್ತದೆ, ಕಾಲು ಚಾಚಿದವನಿಗೆ ಏನೂ ಇರುವುದಿಲ್ಲ. ಇತರರ ಸೇವೆಯಲ್ಲಿ ಸದಾ ಮುಂದಿದ್ದು, ತಮಗೆ ಜ್ವರ ಬಂದಾಗ ಯಾರಿಗೂ ಹೇಳದವರು ಈ ಕೋಣೆಯಲ್ಲೇ ಕೆಲವರಿದ್ದೀರಿ. ಅವರು ಪೇತ್ರನನ್ನು ಮತ್ತೊಮ್ಮೆ ಓದಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ.

2013ರ ಮಾರ್ಚ್ 28ರಂದು, ಪೋಪ್ ಫ್ರಾನ್ಸಿಸ್ ಆಯ್ಕೆಯಾಗಿ ಇನ್ನೂ ಹದಿನೈದು ದಿನವಾಗಿತ್ತು. ಆ ಪವಿತ್ರ ಗುರುವಾರ ಅವರು ರೋಮಿನ ಬಾಲಾಪರಾಧಿಗಳ ಕೇಂದ್ರಕ್ಕೆ ಹೋಗಿ 12 ಮಂದಿ ಎಳೆಯರ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು, ಮುಸ್ಲಿಮರೂ ಇದ್ದರು. ಅಲ್ಲಿಯವರೆಗೆ ಆ ವಿಧಿಗೆ ಗಂಡಸರನ್ನೇ ಕರೆಯಬೇಕೆಂಬ ನಿಯಮವಿತ್ತು. 2016ರಲ್ಲಿ ನಿಯಮವೇ ಬದಲಾಯಿತು. ಮೊದಲು ಬಗ್ಗಿದ್ದು ಬೆನ್ನು, ಆಮೇಲೆ ಕಾಗದ.

ಸೇವಕ ನಾಯಕತ್ವ ಎಂಬ ಮಾತು ಇಂದು ಕಂಪನಿಗಳ ತರಬೇತಿಯಲ್ಲೂ ಕೇಳಿಬರುತ್ತದೆ. ಅಮೆರಿಕದ ದೊಡ್ಡ ದೂರವಾಣಿ ಸಂಸ್ಥೆಯೊಂದರಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದ ಪ್ರಬಂಧದಿಂದ ಅದು ಹಬ್ಬಿತು. ಅವರು ಕೊಟ್ಟ ಒಂದು ಅಳತೆಗೋಲು ನನಗೆ ತುಂಬ ಹಿಡಿಸಿದೆ. ಸೇವೆ ಪಡೆದವರು ಬೆಳೆದರೇ? ಹೆಚ್ಚು ಸ್ವತಂತ್ರರಾದರೇ? ತಾವೂ ಸೇವಕರಾಗುವ ಕಡೆಗೆ ತಿರುಗಿದರೇ? ನಾಯಕನ ಒಳ್ಳೆಯತನವನ್ನು ಅವನ ಮುಖದಲ್ಲಿ ನೋಡದೆ ಅವನ ಸುತ್ತಲಿನವರ ಮುಖದಲ್ಲಿ ನೋಡಬೇಕೆಂಬುದು ಇದರ ಅರ್ಥ. ಕಂಪನಿಗಳಲ್ಲಿ ಇದು ಮತ್ತೆ ಲಾಭದ ಉಪಾಯವಾಗಿಬಿಡುವ ಅಪಾಯವಿದೆ. ಆ ಚರ್ಚೆ ಇಲ್ಲಿ ಬೇಡ. ಆ ಅಳತೆಗೋಲಿನಲ್ಲಿ ನನ್ನನ್ನು ನಾನು ಅಳೆದುಕೊಂಡಾಗ ಏನಾಯಿತು ಎಂಬುದನ್ನು ಹೇಳಬೇಕಾಗಿದೆ.

ಕೆಲವು ವರ್ಷ ನಾನು ನಮ್ಮ ಸಭೆಯ ಸ್ವಯಂಸೇವಕರ ಸಂಯೋಜಕನಾಗಿದ್ದೆ. ಯಾರು ಯಾವ ಭಾನುವಾರ ಎಲ್ಲಿ ನಿಲ್ಲಬೇಕೆಂದು ಮೂರು ತಿಂಗಳ ಪಟ್ಟಿಯನ್ನು ಚೌಕ ಚೌಕವಾಗಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಒಂದು ಚೌಕವೂ ಖಾಲಿ ಇರುತ್ತಿರಲಿಲ್ಲ. ಹಿರಿಯರು ಮೆಚ್ಚುತ್ತಿದ್ದರು, ನನಗೂ ಹೆಮ್ಮೆಯಿತ್ತು. ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುತ್ತಿದ್ದ ಒಬ್ಬ ಹೆಂಗಸು ನಮ್ಮಲ್ಲಿದ್ದರು. ಒಮ್ಮೆ ಬಂದವರ ಹೆಸರನ್ನು ಅವರು ಮರೆಯುತ್ತಿರಲಿಲ್ಲ. ಮಗುವಿನ ಕೆಮ್ಮು ವಾಸಿಯಾಯಿತೇ ಎಂದು ಕೇಳಿ ಒಳಗೆ ಕಳುಹಿಸುತ್ತಿದ್ದರು. ಒಂದು ತ್ರೈಮಾಸಿಕದಲ್ಲಿ ಧ್ವನಿವರ್ಧಕದ ಕೋಣೆಗೆ ಜನ ಸಾಲಲಿಲ್ಲ. ನಾನು ಅವರ ಹೆಸರನ್ನು ಬಾಗಿಲಿನ ಚೌಕದಿಂದ ತೆಗೆದು ಅಲ್ಲಿಗೆ ಬರೆದೆ. ಅವರನ್ನು ಕೇಳಲಿಲ್ಲ. ಅವರು ಎರಡು ವಾರ ಬಂದು ಆ ಗಾಜಿನ ಹಿಂದೆ ಕುಳಿತರು. ಆಮೇಲೆ ಬರಲಿಲ್ಲ. ಅವರು ಬರುತ್ತಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಐದು ವಾರದ ನಂತರ, ಮುಂದಿನ ಪಟ್ಟಿ ಬರೆಯಲು ಕುಳಿತಾಗ.

ನಾನು ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ. "ಕೇಳಿದ್ದರೆ ನಾನು ಒಪ್ಪುತ್ತಿದ್ದೆ" ಎಂದಷ್ಟೇ ಹೇಳಿದರು. ಆ ಮಾತನ್ನು ಹೊತ್ತುಕೊಂಡೇ ನಾನು ಇಂದಿಗೂ ಪಟ್ಟಿ ಬರೆಯುವ ಮೇಜಿನ ಮುಂದೆ ಕೂರುತ್ತೇನೆ. ಸ್ವಯಂಸೇವಕ ಎಂಬ ಪದದಲ್ಲಿ 'ಸ್ವಯಂ' ಇದೆ. ತಾನಾಗಿ ಬಂದವರಿಂದ ಆ 'ತಾನಾಗಿ'ಯನ್ನೇ ಕಸಿದುಕೊಂಡರೆ ಉಳಿಯುವುದು ಸಂಬಳವಿಲ್ಲದ ಚಾಕರಿ. ಆಳಾಗು ಎಂಬುದು ಯೇಸು ನನಗೆ ಹೇಳಿದ ಮಾತು. ನಾನು ಇನ್ನೊಬ್ಬರಿಗೆ ಕೊಡಬಹುದಾದ ಆಜ್ಞೆ ಅದಲ್ಲ. ಸಭೆಗಳಲ್ಲಿ ಎಷ್ಟೋ ಬಾರಿ ನಿರ್ಧಾರ ಮಾಡುವವರು ಒಂದು ಕಡೆ, ಸೇವೆಯ ಮಹತ್ವವನ್ನು ಕೇಳಿಸಿಕೊಳ್ಳುವವರು ಇನ್ನೊಂದು ಕಡೆ ಇರುತ್ತಾರೆ. ಕೇಳಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಎಳೆಯರು. ಇದನ್ನು ಇಲ್ಲಿ ಹೇಳದೆ ಹೋದರೆ ನನ್ನ ಉಪನ್ಯಾಸ ಅಪ್ರಾಮಾಣಿಕವಾಗುತ್ತದೆ.

ಆದಿಸಭೆಯಲ್ಲೂ ಇಂಥದೇ ದೂರು ಬಂದಿತ್ತು. ಆ ಸಭೆಯ ಕಥೆಯನ್ನು ಲೂಕನು ಬರೆದಿರುವ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ. ದಿನನಿತ್ಯದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವ ಯೆಹೂದ್ಯರು ಗೊಣಗಿದರು. ಸಭೆಯ ಮುಂದಾಳುಗಳಾದ ಅಪೊಸ್ತಲರು, ಗೊಣಗುವುದು ಪಾಪ ಎಂದು ಬೋಧಿಸಿ ಕಳುಹಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದು ಸಭೆಗೇ ಬಿಟ್ಟುಕೊಟ್ಟರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಏಳೂ ಗ್ರೀಕ್ ಹೆಸರುಗಳೇ. ಯಾರಿಗೆ ಅನ್ಯಾಯವಾಗಿತ್ತೋ ಆ ಕಡೆಯವರ ಕೈಗೇ ಹಂಚುವ ಅಧಿಕಾರ ಹೋದಂತೆ ಕಾಣುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಹಂಚಿಕೆಯ ಕೆಲಸಕ್ಕೂ ವಾಕ್ಯೋಪದೇಶದ ಕೆಲಸಕ್ಕೂ ಲೂಕನು ಬಳಸಿರುವುದು ಒಂದೇ ಪದ, ದಿಯಾಕೊನಿಯಾ. ಒಂದು ಮೇಲಿನದು, ಇನ್ನೊಂದು ಕೆಳಗಿನದು ಎಂಬ ಅಂತರ ಆ ಪದದೊಳಗೆ ಇಲ್ಲ. ಕೆಂಕ್ರೆಯ ಎಂಬ ಊರಿನ ಸಭೆಯ ಫೊಯಿಬೆ ಎಂಬ ಹೆಂಗಸನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಪರಿಚಯಿಸುವಾಗ ಅವಳಿಗೂ ದಿಯಾಕೊನೊಸ್ ಎಂಬ ಇದೇ ಹೆಸರನ್ನು ಕೊಡುತ್ತಾನೆ.

ಸೇವೆಯನ್ನು ಹೇಗೆ ನಡೆಸಬೇಕು ಎಂಬ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಬರಹ 6ನೇ ಶತಮಾನದ್ದು, ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠವಾಸಿಗಳಿಗೆ ಬರೆದುಕೊಟ್ಟ ನಿಯಮ. ಅದರ 35ನೇ ಅಧ್ಯಾಯ ಅಡುಗೆಮನೆಯ ಸರದಿಯನ್ನು ಕುರಿತದ್ದು. ಕಾಯಿಲೆಯವರು ಮತ್ತು ಅಗತ್ಯದ ಬೇರೆ ಕೆಲಸದಲ್ಲಿರುವವರನ್ನು ಬಿಟ್ಟು ಯಾರಿಗೂ ಸರದಿಯಿಂದ ವಿನಾಯಿತಿ ಇಲ್ಲ. ಶನಿವಾರ, ವಾರ ಮುಗಿಸುವವನು ಎಲ್ಲವನ್ನೂ ಶುಚಿಗೊಳಿಸಬೇಕು, ಸೋದರರು ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಅವನೂ ಮುಂದಿನ ವಾರಕ್ಕೆ ಬರುವವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಗಳನ್ನು ಶುದ್ಧವಾಗಿ, ಮುಕ್ಕಾಗದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಭಾನುವಾರ ಇಬ್ಬರಿಗಾಗಿಯೂ ಪ್ರಾರ್ಥನೆ. ಇಷ್ಟು ಕಟ್ಟುನಿಟ್ಟಿನ ನಡುವೆ ಬೆನೆಡಿಕ್ಟ್ ಎರಡು ಮಾತು ಸೇರಿಸುತ್ತಾರೆ. ಬಲವಿಲ್ಲದವರಿಗೆ ಜೊತೆಗಾರರನ್ನು ಕೊಡಿ, ಅವರು ದುಃಖದಿಂದ ಕೆಲಸ ಮಾಡುವಂತಾಗಬಾರದು. ಬಡಿಸುವವರಿಗೆ ಎಲ್ಲರ ಊಟಕ್ಕೆ ಮುಂಚೆ ಸ್ವಲ್ಪ ರೊಟ್ಟಿ ಮತ್ತು ಪಾನೀಯ ಕೊಡಿ, ಹಸಿದು ಗೊಣಗುತ್ತ ಬಡಿಸುವಂತಾಗಬಾರದು.

ಬಡಿಸುವವನ ಹಸಿವನ್ನು ನೆನೆದ ಈ ನಾಯಕನನ್ನು ನಾನು ಎಷ್ಟು ಗೌರವಿಸಿದರೂ ಸಾಲದು. ಅದೇ ನಿಯಮದ 31ನೇ ಅಧ್ಯಾಯದಲ್ಲಿ ಮಠದ ಎಲ್ಲ ಸಲಕರಣೆಗಳನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ಇದೆ. ಸಭೆ ಮುಗಿದ ಮೇಲೆ ಕುರ್ಚಿಗಳನ್ನು ಎಳೆಯದೆ ಎತ್ತಿ ಇಡುವವರನ್ನು ನೋಡಿದಾಗ ನನಗೆ ಈ ಸಾಲು ನೆನಪಾಗುತ್ತದೆ.

ದಣಿವಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಸತ್ಯವೇದದ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ. ಅವನ ಮಾವ ಇತ್ರೋ, ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುವಿ, ಜನರೂ ಬಳಲುವರು ಎಂದ. ಜನರೂ ಎಂಬುದನ್ನು ಮರೆಯಬೇಡಿ. ಎಲ್ಲವನ್ನೂ ತಾನೇ ಮಾಡುವವನು ಇತರರನ್ನು ಸಾಲಿನಲ್ಲಿ ಕಾಯಿಸುತ್ತಾನೆ, ಅವರ ಕೈಗೆ ಕೆಲಸ ಸಿಗದಂತೆ ಮಾಡುತ್ತಾನೆ. ಆಗುವುದಿಲ್ಲ ಎಂದು ಹೇಳಲು ಕಲಿಯಿರಿ. ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ. ಹಾಗೆಯೇ, ಕಾಣಿಕೆಯ ಹಣವನ್ನು ಒಬ್ಬರೇ ಎಣಿಸಬೇಡಿ, ಮಕ್ಕಳೊಡನೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬೇಡಿ. ಇದು ಅಪನಂಬಿಕೆಯಲ್ಲ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಕೆಲಸಕ್ಕೆ ಪೌಲನು ತನ್ನ ಜೊತೆಗೆಲಸದವನಾದ ತೀತನ ಜೊತೆ ಇನ್ನಿಬ್ಬರು ಸೋದರರನ್ನು ಕಳುಹಿಸಿದ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂಬುದು ಅವನು ಕೊಟ್ಟ ಕಾರಣ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಇದು ಇದೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. "ನನಗೆ ಹಾಡಲು ಬರುವುದಿಲ್ಲ, ಮಾತಾಡಲು ಬರುವುದಿಲ್ಲ. ದೇವರು ನನಗೆ ಯಾವ ಉದ್ದೇಶ ಇಟ್ಟಿದ್ದಾನೆ ಎಂದು ತಿಳಿಯದೆ ನಾನು ಯಾವ ಸೇವೆಗೆ ಹೆಸರು ಕೊಡಲಿ?"

ನಾನು ಮೊದಲು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೇ ಅಧ್ಯಾಯವನ್ನು ತೆಗೆದೆ. ಪೌಲನು ಕೊಡುವ ವರಗಳ ಪಟ್ಟಿಯಲ್ಲಿ ಅದ್ಭುತಗಳಿವೆ, ರೋಗ ವಾಸಿಮಾಡುವುದಿದೆ. ಅದರ ಮಗ್ಗುಲಲ್ಲೇ 'ಸಹಾಯ ಮಾಡುವುದು' ಇದೆ. ಬೇರೇನೂ ವಿವರಣೆ ಇಲ್ಲ, ಸಹಾಯ ಅಷ್ಟೇ. ಅದರ ಮುಂದಿನದು ಕಾರ್ಯ ನಡೆಸುವ ವರ. ಅದಕ್ಕೆ ಗ್ರೀಕಿನಲ್ಲಿರುವ ಪದ ಹಡಗಿನ ಚುಕ್ಕಾಣಿ ಹಿಡಿಯುವವನಿಂದ ಬಂದದ್ದು. ಆ ಕಾಲದ ಹಡಗಿನಲ್ಲಿ ಚುಕ್ಕಾಣಿಗಾರ ನಿಲ್ಲುತ್ತಿದ್ದುದು ಹಿಂಭಾಗದಲ್ಲಿ. ನೀವೂ ಹಿಂದಿನ ಸಾಲಿನಿಂದಲೇ ಎದ್ದಿದ್ದೀರಿ ಎಂದೆ. ಆಮೇಲೆ ನನಗೆ ತೋಚಿದ ಉತ್ತರ ಒಂದು ಅನುಭವ ಮಾತ್ರ.

ನಮ್ಮ ಸಭೆಯಲ್ಲಿ ಬಹಳ ವರ್ಷ ಬೀಗದ ಕೈ ಇಟ್ಟುಕೊಂಡಿದ್ದ ಒಬ್ಬ ಹಿರಿಯರು ಈಗ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಲು ಹೋಗುವ ಸರದಿ ನನಗೆ ಬಂತು. ಸತ್ಯವೇದ ಓದಿ ಪ್ರಾರ್ಥನೆ ಮಾಡಿ ಬರುವುದೆಂದು ಹೋದೆ. ಹೊದಿಕೆಯಿಂದ ಹೊರಗಿದ್ದ ಅವರ ಪಾದಗಳನ್ನು ನೋಡಿದೆ. ಉಗುರುಗಳು ಬೆಳೆದು, ಹಳದಿಗಟ್ಟಿ, ಒಂದು ಪಕ್ಕದ ಬೆರಳನ್ನು ಒತ್ತುತ್ತಿತ್ತು. ಮನೆಯವರಿಗೆ ಕಣ್ಣು ಮಂಜು. ನಾನು ಉಗುರು ಕತ್ತರಿ ಕೇಳಿ ತೆಗೆದುಕೊಂಡೆ. ಅದು ನಾಟಲಿಲ್ಲ. ಬಿಸಿನೀರು ತರಿಸಿ ಅರ್ಧ ಗಂಟೆ ಪಾದಗಳನ್ನು ಅದರಲ್ಲಿ ಇಳಿಸಿ ಕುಳಿತೆವು. ಆಮೇಲೆ ಒಂದೊಂದನ್ನೂ ಸಣ್ಣ ಸಣ್ಣ ಚೂರಾಗಿ, ಮೂಲೆ ಆಳವಾಗದಂತೆ ನೇರವಾಗಿ ಕತ್ತರಿಸಬೇಕಾಯಿತು. ಹತ್ತು ಬೆರಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನನ್ನ ಬದುಕಿಗೆ ಅರ್ಥವಿದೆಯೇ ಎಂಬ ಪ್ರಶ್ನೆ ನನ್ನಲ್ಲಿ ಏಳಲಿಲ್ಲ. ಎದುರಿಗೆ ಒಂದು ಹೆಬ್ಬೆರಳಿತ್ತು, ಅದಕ್ಕೆ ನೋವಾಗಬಾರದಿತ್ತು.

ಮುಗಿದ ಮೇಲೆ ಅವರು ಧನ್ಯವಾದ ಹೇಳಲಿಲ್ಲ. ನನ್ನ ಕಡೆ ತಿರುಗಿ, "ಪಾತ್ರೆಗಳ ಕಪಾಟಿನ ಬೀಗವನ್ನು ಎಳೆದು ನೋಡಿ ಬಂದಿರಾ?" ಎಂದು ಕೇಳಿದರು. ಹಾಕಿದ್ದೇನೆ, ಎಳೆದು ನೋಡಿಲ್ಲ ಎಂದೆ. "ಎಳೆದು ನೋಡಬೇಕು. ಅದು ಹಳೆಯ ಬೀಗ, ಬಿದ್ದಂತೆ ಕಾಣುತ್ತದೆ, ಬಿದ್ದಿರುವುದಿಲ್ಲ" ಎಂದರು. ಮನೆಗೆ ಹೋಗುವ ಮುಂಚೆ ಆರಾಧನಾಲಯಕ್ಕೆ ಹೋಗಿ ಎಳೆದು ನೋಡಿದೆ. ಬಿದ್ದಿತ್ತು. ಮೊಬೈಲ್ ತೆಗೆದು ಅವರಿಗೆ ತಿಳಿಸಿದೆ. ಅಂದಿನಿಂದ ಪ್ರತಿ ಭಾನುವಾರ ಎಲ್ಲರೂ ಹೋದ ಮೇಲೆ ಬೀಗ ಎಳೆದು ನೋಡಿ, ಅಲ್ಲಿಂದಲೇ ಅವರಿಗೆ ಕರೆ ಮಾಡುತ್ತೇನೆ. "ಎರಡು ಸಲ ಎಳೆದಿರಾ?" ಎಂದು ಅವರು ಕೇಳುತ್ತಾರೆ. ನಾನು ಮತ್ತೊಮ್ಮೆ ಎಳೆಯುತ್ತೇನೆ.